ಆಟ ಒಲ್ಲದ ಮಗು, ಆಟದ ಹುಚ್ಚಿನ ದೇಶ: ಆಸ್ಟ್ರೇಲಿಯಾಕ್ಕೆ ಹೊರಟ ನಮ್ಮೂರ ತಂದೆ-ತಾಯಿಗಳಿಗೆ

ವೀಸಾ ಬಂತು ಅಂದ ಕೂಡಲೇ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಕುಕ್ಕರ್ ಒಯ್ಯಬೇಕಾ? ಜೋಳದ ಹಿಟ್ಟು ಅಲ್ಲಿ ಸಿಗುತ್ತಾ? ಡ್ರೈವಿಂಗ್ ಲೈಸೆನ್ಸ್ ನಡೆಯುತ್ತಾ? ನಾನು ಮೆಲ್ಬರ್ನ್‌ನಲ್ಲಿ ಬಹಳ ವರ್ಷ ಇದ್ದು ಈಗ ವಿದ್ಯಾನಗರಕ್ಕೆ ಮರಳಿದ್ದೇನೆ. ಇವನ್ನೆಲ್ಲ ಕೇಳಲು ಮನೆಗೆ ಬರುವವರು ಬಹಳ ಜನ. "ನಮ್ಮ ಹುಡುಗ ಆಟಕ್ಕೆ ಹೋಗೋದೇ ಇಲ್ಲ, ಅಲ್ಲಿ ಹೇಗೆ?" ಅಂತ ಹೊರಡುವ ಮೊದಲು ಕೇಳುವವರು ಇಲ್ಲವೇ ಇಲ್ಲ ಅನ್ನಬಹುದು. ಹೋಗಿ ಮೊದಲ ಟರ್ಮ್ ಮುಗಿಯುವಷ್ಟರಲ್ಲಿ ಅದೇ ಪ್ರಶ್ನೆ ಫೋನಿನಲ್ಲಿ ಬರುತ್ತದೆ.

ನಮ್ಮ ಕಡೆ ಓದಿನಲ್ಲಿ ಚುರುಕಾಗಿರುವ ಮಗುವಿಗೆ ಆಟ ಬರದಿದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎಸೆಸೆಲ್ಸಿ ಬಂತೆಂದರೆ ಆಡುವ ಮಕ್ಕಳನ್ನೂ ಮೈದಾನದಿಂದ ಎಬ್ಬಿಸಿ ಸಪ್ತಾಪುರದ ಕೋಚಿಂಗ್ ಕ್ಲಾಸಿಗೆ ಕಳಿಸುತ್ತೇವೆ. ಆಸ್ಟ್ರೇಲಿಯಾದಲ್ಲಿ ಲೆಕ್ಕ ಉಲ್ಟಾ. ಶನಿವಾರ ಬೆಳಿಗ್ಗೆ ಅರ್ಧ ಊರು ಮೈದಾನದಲ್ಲಿರುತ್ತದೆ. ಶಾಲೆಯಲ್ಲಿ ಹೊಸ ಮಗುವಿಗೆ ಮೊದಲ ವಾರವೇ ಬೀಳುವ ಪ್ರಶ್ನೆ, "ನಿನ್ನ ಟೀಮ್ ಯಾವುದು?"

ಹಾಗಂತ ಮಗುವನ್ನು ಆಟಗಾರನನ್ನಾಗಿ ಮಾಡಲು ಹೊರಡಬೇಡಿ. ಅಲ್ಲಿ ಆಟ ಎನ್ನುವ ಒಂದೇ ಗಂಟಿನೊಳಗೆ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಒಂದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು. ಎರಡು, ದಿನಾ ಮೈ ಆಡಿಸುವುದು. ಮೂರು, ನಾಲ್ಕು ಜನರ ಜೊತೆ ಸೇರುವುದು. ಮೊದಲ ಎರಡನ್ನು ಬಿಡುವ ಹಾಗಿಲ್ಲ. ಮೂರನೆಯದಕ್ಕೆ ಮೈದಾನ ಒಂದು ಬಾಗಿಲು ಅಷ್ಟೇ, ಬೇರೆ ಬಾಗಿಲುಗಳೂ ಇವೆ. ಕಪ್ ಗೆಲ್ಲುವುದು, ಟೀಮಿಗೆ ಆಯ್ಕೆಯಾಗುವುದು ಈ ಮೂರರಲ್ಲಿ ಎಲ್ಲೂ ಬರುವುದಿಲ್ಲ. ಗಂಟು ಬಿಚ್ಚಿ ಒಂದೊಂದನ್ನೇ ನೋಡಿದರೆ ಅರ್ಧ ಚಿಂತೆ ಅಲ್ಲೇ ಹೋಗುತ್ತದೆ.

ಹೆಜ್ಜೆ 1: ಹೊರಡುವ ಮೊದಲು ಕಣ್ಣು ತೋರಿಸಿ

ಚೆಂಡು ಹಿಡಿಯಲು ಬಾರದ ಮಗುವನ್ನು ಮಬ್ಬು ಅನ್ನುವ ಮೊದಲು ಅದಕ್ಕೆ ಚೆಂಡು ಸರಿಯಾಗಿ ಕಾಣುತ್ತಾ ನೋಡಿ. ಕನ್ನಡಕ ಬೇಕಿದ್ದರೆ ಇಲ್ಲೇ ಎರಡು ಜೊತೆ ಮಾಡಿಸಿಕೊಳ್ಳಿ. ಅಲ್ಲಿ ಫ್ರೇಮಿನ ಬೆಲೆ ನೋಡಿದರೆ ನಿಮ್ಮ ಕಣ್ಣೇ ಮಂಜಾಗುತ್ತದೆ. ಓಡಿದರೆ ಕೆಮ್ಮು, ಏದುಸಿರು ಬರುತ್ತಿದ್ದರೆ ಅಸ್ತಮಾ ಇದೆಯಾ ಎಂದು ಡಾಕ್ಟರ್ ಹತ್ತಿರ ಕೇಳಿ. ಪಂಪ್ ಬಳಸುವ ಮಗುವಾದರೆ ಅಲ್ಲಿನ ಶಾಲೆ ಡಾಕ್ಟರ್ ಬರೆದುಕೊಟ್ಟ ಅಸ್ತಮಾ ಆಕ್ಷನ್ ಪ್ಲಾನ್ ಕೇಳುತ್ತದೆ.

ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೆಲವು ಮಕ್ಕಳಿಗೆ ಬುದ್ಧಿ ಚುರುಕು, ಆದರೆ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಬೂಟಿನ ಲೇಸ್ ಕಟ್ಟುವುದು, ಗುಂಡಿ ಹಾಕುವುದು, ಸೈಕಲ್ ಹೊಡೆಯುವುದು, ಅಕ್ಷರ ಬರೆಯುವುದು ಎಲ್ಲವೂ ಕಷ್ಟ. ಇದಕ್ಕೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎನ್ನುತ್ತಾರೆ. ನೂರರಲ್ಲಿ ಐದಾರು ಮಕ್ಕಳಿಗೆ ಇರುತ್ತದೆ ಎಂಬುದು ವೈದ್ಯರ ಅಂದಾಜು. ಇದು ಸೋಮಾರಿತನ ಅಲ್ಲ, ಬೈದರೆ ಹೋಗುವುದೂ ಇಲ್ಲ. ಅನುಮಾನ ಬಂದರೆ ಅಲ್ಲಿ ಹೋದ ಮೇಲೆ ಜಿಪಿ ಹತ್ತಿರ, ಅಂದರೆ ನಿಮ್ಮ ಬಡಾವಣೆಯ ಡಾಕ್ಟರ್ ಹತ್ತಿರ ಮಾತಾಡಿ. ಅವರು ಮುಂದಿನವರ ಕಡೆ ಕಳಿಸುತ್ತಾರೆ. ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಬಳಿ ಕಲಿತರೆ ಬಹಳಷ್ಟು ಸುಧಾರಿಸುತ್ತದೆ.

ಹೆಜ್ಜೆ 2: ಇಲ್ಲಿರುವಾಗಲೇ ನೀರಿಗೆ ಇಳಿಸಿ

ಈ ಲೇಖನದಲ್ಲಿ ಒಂದೇ ಒಂದು ಮಾತು ಕೇಳುತ್ತೀರಿ ಎಂದಾದರೆ ಇದನ್ನು ಕೇಳಿ. ಮಗುವಿಗೆ ಕ್ರಿಕೆಟ್ ಬೇಡ, ಫುಟ್‌ಬಾಲ್ ಬೇಡ, ಈಜು ಮಾತ್ರ ಬೇಕೇ ಬೇಕು.

ನಮ್ಮದು ಬಯಲುಸೀಮೆ. ಹಿಂದಿನವರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಗೆ ಹಾರಿ ಕಲಿತರು. ಬಾವಿಗಳು ಹೋದವು, ಕಲಿಯುವುದೂ ನಿಂತಿತು. ಉಣಕಲ್ ಕೆರೆಯನ್ನು ನಾವು ದಂಡೆಯ ಮೇಲೆ ಕೂತು ಗಿರ್ಮಿಟ್ ತಿನ್ನಲು ಬಳಸುತ್ತೇವೆ. ಆಸ್ಟ್ರೇಲಿಯಾದಲ್ಲಿ ಜನ ಬಹುಪಾಲು ಕಡಲಂಚಿನಲ್ಲೇ ವಾಸ. ಬರ್ತ್‌ಡೇ ಪಾರ್ಟಿ ಸ್ವಿಮ್ಮಿಂಗ್ ಪೂಲಿನಲ್ಲಿ, ಶಾಲೆಯ ಕ್ಯಾಂಪ್ ನದಿ ದಂಡೆಯಲ್ಲಿ, ಭಾನುವಾರದ ಔಟಿಂಗ್ ಬೀಚಿನಲ್ಲಿ. ಅಲ್ಲಿನ ಬೇಸಿಗೆಯಲ್ಲಿ ಮುಳುಗಿ ಸತ್ತವರ ಸುದ್ದಿ ಬಂದಾಗ ಭಾರತೀಯರ ಹೆಸರು ಮತ್ತೆ ಮತ್ತೆ ಕೇಳಬೇಕಾಗುತ್ತದೆ. 2024ರ ಜನವರಿಯಲ್ಲಿ ಮೆಲ್ಬರ್ನ್ ಹತ್ತಿರದ ಫಿಲಿಪ್ ದ್ವೀಪದಲ್ಲಿ, ಲೈಫ್‌ಗಾರ್ಡ್ ಕಾವಲಿಲ್ಲದ ಬೀಚಿನಲ್ಲಿ, ಭಾರತೀಯ ಮೂಲದ ನಾಲ್ವರು ಒಟ್ಟಿಗೆ ಮುಳುಗಿ ತೀರಿಕೊಂಡರು.

ಅಲ್ಲಿನ ಅಳತೆ ಹೀಗಿದೆ: ಪ್ರೈಮರಿ ಶಾಲೆ ಮುಗಿಸುವಷ್ಟರಲ್ಲಿ, ಅಂದರೆ 12 ವರ್ಷಕ್ಕೆ, ಮಗು ನಿಲ್ಲದೆ 50 ಮೀಟರ್ ಈಜಬೇಕು, 2 ನಿಮಿಷ ತೇಲಬೇಕು. ವೇಗ ಎಷ್ಟು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಗುರಿಯೂ ಅಷ್ಟೇ ಇರಲಿ.

ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ ಈಜುಕೊಳಗಳಿವೆ, ಬೇಸಿಗೆ ಶಿಬಿರಗಳೂ ನಡೆಯುತ್ತವೆ. ಹೊರಡಲು ಎರಡು ತಿಂಗಳಿದ್ದರೂ ಸೇರಿಸಿ. ಅಲ್ಲಿ ಅರ್ಧ ಗಂಟೆಯ ಒಂದು ತರಗತಿಗೆ 20 ಡಾಲರ್ ದಾಟುವುದು ಸಾಮಾನ್ಯ. ಇಲ್ಲಿ ಪೂರ್ತಿ ಕಲಿಯದಿದ್ದರೂ ಪರವಾಗಿಲ್ಲ. ಮುಖ ನೀರಿಗೆ ಹಾಕುವುದು, ನೀರಿನೊಳಗೆ ಉಸಿರು ಬಿಡುವುದು, ಅಂಗಾತ ಮಲಗಿ ತೇಲುವುದು ಇಷ್ಟು ಬಂದರೆ ಅರ್ಧ ಗೆದ್ದ ಹಾಗೆ. ಒಂಬತ್ತು ವರ್ಷದ ಮಗು ಅಲ್ಲಿ ನಾಲ್ಕು ವರ್ಷದ ಮಕ್ಕಳ ಬ್ಯಾಚಿನಲ್ಲಿ ಕಿಕ್‌ಬೋರ್ಡ್ ಎಂಬ ತೇಲುವ ಹಲಗೆ ಹಿಡಿದು ನಿಲ್ಲಬೇಕಾದರೆ ಅದಕ್ಕಾಗುವ ನಾಚಿಕೆ ಸಣ್ಣದಲ್ಲ. ದೊಡ್ಡ ಮಗುವಾಗಿದ್ದರೆ ಕೆಲವು ದಿನ ಒಬ್ಬರಿಗೇ ಹೇಳಿಕೊಡುವ ತರಗತಿಗೆ ಹಾಕುವುದು ದುಬಾರಿಯಾದರೂ ಒಳ್ಳೆಯದು.

ಹೆಣ್ಣುಮಕ್ಕಳ ಬಟ್ಟೆಯ ವಿಷಯಕ್ಕೆ ಹಿಂಜರಿಯುವವರಿಗೆ ಒಂದು ಮಾತು. ಬಿಸಿಲಿನ ಭಯಕ್ಕೆ ಅಲ್ಲಿ ಗಂಡು-ಹೆಣ್ಣು ಎಲ್ಲ ಮಕ್ಕಳೂ ಉದ್ದ ತೋಳಿನ ರ‍್ಯಾಶ್ ವೆಸ್ಟ್, ಅಂದರೆ ಮೈಗಂಟುವ ಈಜಿನ ಅಂಗಿ, ಹಾಕುತ್ತಾರೆ. ಕೆಳಗೆ ಈಜಿನ ಲೆಗ್ಗಿಂಗ್ಸ್ ಹಾಕಿದರೂ ಯಾರೂ ತಿರುಗಿ ನೋಡುವುದಿಲ್ಲ. ಕಾಟನ್ ಬಟ್ಟೆ ಮಾತ್ರ ಬೇಡ. ಮತ್ತೆ ಈಜಿನ ದಿನ ತಲೆಗೆ ಎಣ್ಣೆ ಹಚ್ಚಬೇಡಿ.

ಬೀಚಿಗೆ ಹೋದರೆ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಬಾವುಟ ಇಲ್ಲದ ಕಡೆ ಇಳಿಯಬಾರದು. ಇದು ಮಗುವಿಗಿಂತ ಅಪ್ಪಂದಿರಿಗೆ ಹೇಳುತ್ತಿರುವ ಮಾತು.

ಹೆಜ್ಜೆ 3: ಶಾಲೆಯನ್ನು ಕೇಳಿ ಸೇರಿಸಿ

ಖಾಸಗಿ ಶಾಲೆಗಳ ಪೈಕಿ ಕೆಲವು ಕಡೆ ಶನಿವಾರದ ಆಟ ಕಡ್ಡಾಯ. ಪ್ರತಿ ಮಗುವೂ ಯಾವುದಾದರೂ ಟೀಮಿನಲ್ಲಿ ಆಡಲೇಬೇಕು, ಬೇರೆ ಶಾಲೆಯ ಮೈದಾನಕ್ಕೆ ನೀವೇ ಕರೆದುಕೊಂಡು ಹೋಗಬೇಕು. ಫೀಸು, ರಿಸಲ್ಟು ಕೇಳುವ ಜೊತೆಗೆ ಇದನ್ನೂ ಕೇಳಿ. ಕ್ವಾಯರ್ ಅಂದರೆ ಗುಂಪು ಗಾಯನ, ಬ್ಯಾಂಡು, ಚೆಸ್, ನಾಟಕ ಇವೆಯಾ ಎಂದೂ ಕೇಳಿ. ಸರ್ಕಾರಿ ಶಾಲೆಗಳಲ್ಲಿ ಆಟದ ಒತ್ತಡ ಸಾಮಾನ್ಯವಾಗಿ ಕಡಿಮೆ.

ಹೆಜ್ಜೆ 4: ಕಾರ್ನಿವಲ್ ದಿನ ಹೊಟ್ಟೆನೋವು ಬೇಡ

ಶಾಲೆಯ ವರ್ಷ ಜನವರಿ ಕೊನೆಗೆ ಶುರುವಾಗಿ ಡಿಸೆಂಬರ್ ಮಧ್ಯಕ್ಕೆ ಮುಗಿಯುತ್ತದೆ, ನಾಲ್ಕು ಟರ್ಮ್. ಬಹಳ ಶಾಲೆಗಳಲ್ಲಿ ಮೊದಲ ಟರ್ಮಿನಲ್ಲೇ ಸ್ವಿಮ್ಮಿಂಗ್ ಕಾರ್ನಿವಲ್, ಅಂದರೆ ಶಾಲೆಯ ಈಜು ಪಂದ್ಯಗಳ ದಿನ, ಇರುತ್ತದೆ. ಆಮೇಲೆ ಚಳಿ ಶುರುವಾದಾಗ ಕ್ರಾಸ್ ಕಂಟ್ರಿ ಓಟ, ನಂತರ ಅಥ್ಲೆಟಿಕ್ಸ್. ಜನವರಿಯಲ್ಲಿ ಇಳಿದ ಮಗುವಿಗೆ ಗೆಳೆಯರ ಹೆಸರು ಬಾಯಿಗೆ ಬರುವ ಮೊದಲೇ ಈಜಿನ ಪಂದ್ಯದ ಚೀಟಿ ಬ್ಯಾಗಿನಲ್ಲಿ ಬಂದಿರುತ್ತದೆ.

ನಮ್ಮವರು ಆಗ ಮಾಡುವ ಕೆಲಸ, ಅವತ್ತು ರಜೆ ಹಾಕಿಸುವುದು. "ಹೊಟ್ಟೆನೋವು" ಅಂತ ಶಾಲೆಗೆ ಮೆಸೇಜು. ದಯವಿಟ್ಟು ಹಾಗೆ ಮಾಡಬೇಡಿ. ಅವತ್ತು ನಡೆಯುವುದು ಪಂದ್ಯಕ್ಕಿಂತ ಜಾತ್ರೆಯೇ ಜಾಸ್ತಿ. ಶಾಲೆಯ ಮಕ್ಕಳನ್ನು ಹೌಸ್ ಎಂಬ ಗುಂಪುಗಳಾಗಿ ಹಂಚಿರುತ್ತಾರೆ. ಮಕ್ಕಳೆಲ್ಲ ತಮ್ಮ ಹೌಸಿನ ಬಣ್ಣದ ಟೀಶರ್ಟ್ ಹಾಕಿ, ಮುಖಕ್ಕೆ, ಕೂದಲಿಗೆ ಅದೇ ಬಣ್ಣ ಬಳಿದುಕೊಂಡು ಬರುತ್ತಾರೆ. ಹೌಸ್ ಹೌಸ್ ಒಂದೊಂದು ಕಡೆ ಕೂತು ಗಂಟಲು ಹರಿಯುವ ಹಾಗೆ ಘೋಷಣೆ ಕೂಗುತ್ತಾರೆ. ಈಜು ಬಾರದವರಿಗೆ ಪುಟ್ಟ ಕೊಳದಲ್ಲಿ ಬೇರೆ ಮೋಜಿನ ಆಟ ಇರುತ್ತವೆ. ಕಿಕ್‌ಬೋರ್ಡ್ ಹಿಡಿದು ಹೋಗುವುದು, ಉದ್ದನೆಯ ಸ್ಪಂಜಿನ ಕೋಲಿನ ಮೇಲೆ ಕುದುರೆ ಸವಾರಿ ಮಾಡುವುದು, ಹೀಗೆ. ಬಹಳ ಕಡೆ ಸುಮ್ನೆ ಭಾಗವಹಿಸಿದರೂ ಹೌಸಿಗೆ ಒಂದು ಪಾಯಿಂಟ್. ಕೊನೆಯವನಾಗಿ ಬಂದ ಮಗುವಿಗೆ ಬೀಳುವ ಚಪ್ಪಾಳೆ ಕೆಲವೊಮ್ಮೆ ಗೆದ್ದವನಿಗಿಂತ ದೊಡ್ಡದು. ಇದು ನಮಗೆ ಮೊದಲು ಗೇಲಿ ಅನ್ನಿಸಬಹುದು, ಹೆಚ್ಚಾಗಿ ಅದು ಗೇಲಿ ಅಲ್ಲ.

ನೀವು ಮಾಡಬೇಕಾದ್ದು ಇಷ್ಟು. ಚೀಟಿ ಬಂದ ದಿನವೇ ಮಗುವಿನ ಜೊತೆ ಕೂತು ಓದಿ. ಯಾವ ಒಂದು ಆಟಕ್ಕೆ ಹೆಸರು ಕೊಡುತ್ತೀಯಾ ಅಂತ ಕೇಳಿ. ಒಂದೇ ಸಾಕು. ಹೌಸಿನ ಬಣ್ಣದ ಟೀಶರ್ಟ್ ಮುಂಚೆಯೇ ತಂದಿಡಿ. ಆ ದಿನ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಒಬ್ಬನೇ ಕೂರುವುದು ಈಜು ಬಾರದಿರುವುದಕ್ಕಿಂತ ಕೆಟ್ಟದು. ಮಗು ನೀರಿಗೇ ಇಳಿಯಲ್ಲ ಎಂದರೆ ಟೀಚರಿಗೆ ನಾಲ್ಕು ಸಾಲು ಬರೆಯಿರಿ: "ನಮ್ಮ ಮಗ ಈಗ ಈಜು ಕಲಿಯುತ್ತಿದ್ದಾನೆ. ಸ್ಪರ್ಧೆಗೆ ಹೆದರುತ್ತಾನೆ. ಸಮಯ ಬರೆದುಕೊಳ್ಳುವುದು, ರಿಬ್ಬನ್ ಹಂಚುವುದು, ಇಂಥ ಕೆಲಸ ಕೊಡಬಹುದೇ?" ಹೀಗೆ ಬರೆದರೆ ಬಹುತೇಕ ಟೀಚರ್‌ಗಳು ಖುಷಿಯಿಂದ ಒಪ್ಪುತ್ತಾರೆ.

ಇದೇ ರೀತಿ ಇನ್ನೊಂದು ಕೋರಿಕೆ ಪಿಇ ಟೀಚರಿಗೆ, ಅಂದರೆ ಆಟ ಕಲಿಸುವ ಟೀಚರಿಗೆ, ಹೋಗಲಿ. ಇಬ್ಬರು ಹುಡುಗರು ನಿಂತು ಒಬ್ಬೊಬ್ಬರನ್ನೇ ಆರಿಸಿ ಟೀಮ್ ಮಾಡುವ ಪದ್ಧತಿಯಲ್ಲಿ ಕೊನೆಗೆ ಉಳಿಯುವವನು ಯಾವಾಗಲೂ ಒಬ್ಬನೇ. ಟೀಮನ್ನು ಟೀಚರೇ ಮಾಡಿದರೆ ಆ ಗೋಳು ಇರುವುದಿಲ್ಲ. ಕೇಳಲು ಸಂಕೋಚ ಬೇಡ. ಅಲ್ಲಿ ಹೀಗೆ ಕೇಳಿದರೆ ಶಿಕ್ಷಕರಿಗೆ ಎದುರು ಮಾತಾಡಿದ ಹಾಗೆ ಆಗುವುದಿಲ್ಲ.

ಅಂದಹಾಗೆ, ಬಿಸಿಲಿನ ಟರ್ಮುಗಳಲ್ಲಿ ಟೋಪಿ ಇಲ್ಲದಿದ್ದರೆ ಆಟವಿಲ್ಲ, ನೆರಳಲ್ಲಿ ಕೂರಬೇಕು ಎಂಬ ನಿಯಮ ಶಾಲೆಗಳಲ್ಲಿದೆ. ಆಟ ಒಲ್ಲದ ಜಾಣ ಮಕ್ಕಳು ಇದನ್ನು ಬೇಗ ಕಂಡುಹಿಡಿಯುತ್ತಾರೆ. ದಿನಾ ಟೋಪಿ ಮರೆತು ಹೋಗುತ್ತಿದ್ದರೆ ಅದು ಮರೆವಲ್ಲ.

ಹೆಜ್ಜೆ 5: ದಿನಕ್ಕೊಂದು ಗಂಟೆ, ಸ್ಕೋರ್ ಇಲ್ಲದೆ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಚೆಂಡಿನ ಆಟವೇ ಆಗಬೇಕು ಅಂತ ಎಲ್ಲೂ ಹೇಳಿಲ್ಲ. ಶಾಲೆಗೆ ನಡೆದು ಹೋಗುವುದು, ಕಾಲಿನಿಂದ ತಳ್ಳುವ ಸ್ಕೂಟರ್, ಸೈಕಲ್, ಕುಣಿತ, ಕರಾಟೆ, ಗೋಡೆ ಹತ್ತುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆಟ ಒಲ್ಲದ ಮಕ್ಕಳಲ್ಲಿ ಬಹಳ ಜನರಿಗೆ ನಿಜವಾಗಿ ಒಲ್ಲದಿರುವುದು ಮೈ ದಣಿವಲ್ಲ. ಎಲ್ಲರ ಕಣ್ಣೆದುರು ಚೆಂಡು ಕೈಬಿಡುವುದು. ಹಾಗಾಗಿ ಎದುರಾಳಿ ಇಲ್ಲದ ಚಟುವಟಿಕೆ ಹುಡುಕಿ.

ಸೈಕಲ್ಲನ್ನು ಇಲ್ಲೇ ಕೆಸಿಡಿ ಮೈದಾನದಲ್ಲೋ ಗದಗಿನ ಬಡಾವಣೆಯ ಖಾಲಿ ರಸ್ತೆಯಲ್ಲೋ ಕಲಿಸಿಬಿಡಿ. ಅಲ್ಲಿ ಹೆಲ್ಮೆಟ್ ಕಡ್ಡಾಯ, ಮಕ್ಕಳಿಗೂ. ನೃಪತುಂಗ ಬೆಟ್ಟ ಹತ್ತಿ ಇಳಿಯುವ ರೂಢಿ ಇರುವ ಮಗುವಿಗೆ ಅಲ್ಲಿನ ಬುಷ್‌ವಾಕಿಂಗ್, ಅಂದರೆ ಕಾಡುದಾರಿಯ ನಡಿಗೆ, ಸಲೀಸು. ನಕ್ಷೆ ಹಿಡಿದು ಕಾಡಿನಲ್ಲಿ ದಾರಿ ಹುಡುಕುವ ಓರಿಯಂಟಿಯರಿಂಗ್ ಅಂತ ಒಂದಿದೆ. ಲೆಕ್ಕ, ಒಗಟು ಇಷ್ಟಪಡುವ ಮಕ್ಕಳಿಗೆ ಅದು ಹಿಡಿಸುತ್ತದೆ. ಸ್ಕೌಟ್ಸ್ ಕೂಡ ಒಳ್ಳೆಯ ಜಾಗ, ಗಂಡು-ಹೆಣ್ಣು ಇಬ್ಬರನ್ನೂ ಸೇರಿಸಿಕೊಳ್ಳುತ್ತಾರೆ.

ನನ್ನ ಮೆಚ್ಚಿನದು ಪಾರ್ಕ್‌ರನ್. ಶನಿವಾರ ಬೆಳಿಗ್ಗೆ ಬಹಳಷ್ಟು ಪಾರ್ಕುಗಳಲ್ಲಿ 5 ಕಿಲೋಮೀಟರ್ ಓಟ ಅಥವಾ ನಡಿಗೆ. ಪೂರ್ತಿ ಉಚಿತ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ತೆಗೆದುಕೊಂಡರೆ ಆಯಿತು. ಅಲ್ಲಿ ಟೇಲ್ ವಾಕರ್ ಎಂಬ ಒಬ್ಬ ಸ್ವಯಂಸೇವಕ ಇರುತ್ತಾರೆ. ಅವರ ಕೆಲಸವೇ ಎಲ್ಲರಿಗಿಂತ ಹಿಂದೆ ಬರುವುದು. ಹಾಗಾಗಿ ಓಡಲು ಬಂದ ಯಾರೂ ಕೊನೆಯವರಾಗುವ ಪ್ರಶ್ನೆಯೇ ಇಲ್ಲ. ಕೊನೆಯವನಾಗುವ ಭಯ ಇರುವ ಮಗುವಿಗೆ ಆ ಟೇಲ್ ವಾಕರ್‌ನನ್ನು ಮೊದಲೇ ತೋರಿಸಿ. 11 ವರ್ಷದ ಒಳಗಿನ ಮಕ್ಕಳ ಜೊತೆ ದೊಡ್ಡವರೂ ಪಕ್ಕದಲ್ಲೇ ಇರಬೇಕು ಎಂಬ ನಿಯಮ ಇದೆ, ಅಂದರೆ ನೀವೂ ಓಡಬೇಕು. ಕೆಲವು ಊರುಗಳಲ್ಲಿ ಭಾನುವಾರ 4ರಿಂದ 14 ವರ್ಷದವರಿಗೆ 2 ಕಿಲೋಮೀಟರಿನದು ಬೇರೆ ಇದೆ.

ಕ್ಲಬ್ಬುಗಳಿಗೆ ವರ್ಷದ ಫೀಸು ಕಟ್ಟುವ ಮೊದಲು ಉಚಿತವಾಗಿ ಆಡಿ ನೋಡಲು ಅವರು ಬಿಡುವ ದಿನ ಹೋಗಿ ಬನ್ನಿ. ಬೂಟು, ಬ್ಯಾಟು, ಜೆರ್ಸಿ ಎಲ್ಲ ಸೆಕೆಂಡ್‌ಹ್ಯಾಂಡ್ ಸಿಗುತ್ತವೆ, ಅದರಲ್ಲಿ ಅಲ್ಲಿ ಯಾರಿಗೂ ಕೀಳರಿಮೆ ಇಲ್ಲ. ಸೇರಿದ ಮೇಲೆ ಒಂದು ಟರ್ಮ್ ಪೂರ್ತಿ ಮಾಡುವುದು, ಆಮೇಲೆ ಬಿಡುವುದೋ ಮುಂದುವರಿಸುವುದೋ ಮಗುವೇ ಹೇಳುವುದು. ಈ ಕರಾರು ಮೊದಲೇ ಆಗಲಿ. ಈಜಿಗೆ ಮಾತ್ರ ಈ ಕರಾರು ಅನ್ವಯಿಸುವುದಿಲ್ಲ.

ಹೆಜ್ಜೆ 6: ಆಡದಿದ್ದರೂ ಆಟದ ಮಾತು ಬರಲಿ

ನಮ್ಮಲ್ಲಿ ಜೀವನದಲ್ಲಿ ಬ್ಯಾಟು ಹಿಡಿಯದವರೂ ಚಹಾದಂಗಡಿ ಮುಂದೆ ನಿಂತು ಕೊಹ್ಲಿಗೆ ಬುದ್ಧಿ ಹೇಳುತ್ತಾರಲ್ವಾ? ಅಲ್ಲಿಯೂ ಅದೇ. ಮೆಲ್ಬರ್ನ್, ಅಡಿಲೇಡ್, ಪರ್ತ್ ಕಡೆ ಎಎಫ್‌ಎಲ್ ಎಂಬ ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲ್, ಸಿಡ್ನಿ, ಬ್ರಿಸ್ಬೇನ್ ಕಡೆ ರಗ್ಬಿ ಲೀಗ್ ಜಾಸ್ತಿ. ನೀವು ಹೋಗುವ ಊರಿನ ಆಟ ಯಾವುದೋ ಅದರ ನಿಯಮ ಒಂದು ಸಂಜೆ ಕೂತು ಮಗುವಿನ ಜೊತೆ ಕಲಿಯಿರಿ. ಎಎಫ್‌ಎಲ್ ಆದರೆ ಒಂದು ಕಡೆ 18 ಜನ, ಮೊಟ್ಟೆ ಆಕಾರದ ಮೈದಾನ, ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕದ ಕಂಬದೊಳಗೆ ಹೋದರೆ 1. ಇಷ್ಟು ಗೊತ್ತಿದ್ದರೆ ಸೋಮವಾರದ ಊಟದ ಬೆಲ್ಲಿನಲ್ಲಿ ಬಾಯಿಮುಚ್ಚಿಕೊಂಡು ಕೂರಬೇಕಾಗಿಲ್ಲ.

ಒಂದು ಟೀಮು ಆರಿಸಿಕೊಳ್ಳಲಿ, ಬಣ್ಣ ನೋಡಿಯೇ ಆದರೂ ಸರಿ. ಪ್ರತಿ ವಾರ ಯಾರು ಗೆಲ್ಲುತ್ತಾರೆ ಎಂದು ಊಹಿಸುವ ಟಿಪ್ಪಿಂಗ್ ಆಟ ಆಫೀಸುಗಳಲ್ಲಿ, ಮನೆಗಳಲ್ಲಿ ನಡೆಯುತ್ತದೆ. ಅಂಕಿಸಂಖ್ಯೆ ಇಷ್ಟಪಡುವ ಮಗು ಇದರಲ್ಲಿ ಆಡುವವರನ್ನೇ ಸೋಲಿಸುತ್ತದೆ. ದುಡ್ಡು ಹಚ್ಚುವ ಬೆಟ್ಟಿಂಗ್ ಬೇರೆ, ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ನಮ್ಮ ಮಕ್ಕಳಿಗೆ ಇನ್ನೊಂದು ಫಜೀತಿ. ಭಾರತದವನು ಅಂದ ಕೂಡಲೇ "ಹಾಗಾದರೆ ಕ್ರಿಕೆಟ್ ಜೋರಾಗಿ ಆಡ್ತೀಯಾ" ಎನ್ನುತ್ತಾರೆ. ಆಗ ತಡವರಿಸದೆ ಹೇಳಲು ಒಂದು ಉತ್ತರ ತಯಾರಿರಲಿ: "ಇಲ್ಲ, ಸ್ಕೋರ್ ಬರೆಯೋದು ಇಷ್ಟ" ಅಂತಲೋ, "ನಾನು ತಬಲಾ ಬಾರಿಸ್ತೀನಿ" ಅಂತಲೋ. ಮನೆಯಲ್ಲಿ ಒಂದೆರಡು ಸಲ ಹೇಳಿಸಿ ನೋಡಿ. ಸ್ಕೋರ್ ಬರೆಯುವುದು ಸುಮ್ನೆ ಹೇಳಿದ್ದಲ್ಲ. ಜೂನಿಯರ್ ಕ್ರಿಕೆಟ್ ಕ್ಲಬ್ಬುಗಳಿಗೆ ಸ್ಕೋರರ್ ಸಿಗುವುದೇ ಕಷ್ಟ. ಬರೆಯಲು ಕೂತವನಿಗೆ ಟೀಮಿನ ಜೊತೆ ಬೆಂಚೂ ಉಂಟು, ತಿಂಡಿಯೂ ಉಂಟು.

ಹೆಜ್ಜೆ 7: ಕಾರಿನಿಂದ ಇಳಿಯಿರಿ

ಇದು ದೊಡ್ಡವರಿಗೆ. ಮಗುವನ್ನು ಮೈದಾನದಲ್ಲಿ ಇಳಿಸಿ ಕಾರಿನಲ್ಲೇ ಕೂತು ಊರಿಗೆ ಫೋನು ಹಚ್ಚುವವರು ನಮ್ಮಲ್ಲಿ ಜಾಸ್ತಿ. ಅಲ್ಲಿ ಅಕ್ಕಪಕ್ಕದವರ ಪರಿಚಯ ಆಗುವುದು ಮೈದಾನದ ಬೇಲಿ ಪಕ್ಕದಲ್ಲಿ. ಮಗುವಿನ ಟೀಮಿಗೆ ಕಿತ್ತಳೆ ಹೆಚ್ಚಿಕೊಂಡು ಹೋಗುವ ಪಾಳಿ ಬರುತ್ತದೆ, ತೆಗೆದುಕೊಳ್ಳಿ. ಕ್ಯಾಂಟೀನಿಗೆ, ಸ್ಟಾಪ್‌ವಾಚ್ ಹಿಡಿಯಲಿಕ್ಕೆ ಜನ ಬೇಕೆಂದರೆ ಕೈ ಎತ್ತಿ. ನಿಮಗೆ ನಾಲ್ಕು ಜನ ಗೊತ್ತಾದರೆ ಅವರ ಮಕ್ಕಳು ನಿಮ್ಮ ಮಗುವನ್ನು ಮನೆಗೆ ಕರೆಯುತ್ತಾರೆ. ಆಟ ಬರುತ್ತದೋ ಇಲ್ಲವೋ ಆಗ ಯಾರೂ ನೋಡುವುದಿಲ್ಲ.

ಸಾಸೇಜ್ ಸಿಜಲ್ ಅಂತ ಎಲ್ಲ ಕಡೆ ಇರುತ್ತದೆ, ಬ್ರೆಡ್ಡಿನ ನಡುವೆ ಮಾಂಸದ ಸಾಸೇಜ್ ಇಟ್ಟು ಕೊಡುವುದು. ಶಾಕಾಹಾರಿಗಳು "ಬ್ರೆಡ್ಡು, ಉಳ್ಳಾಗಡ್ಡಿ ಸಾಕು" ಎನ್ನುವುದುಂಟು. ಆದರೆ ಆ ಉಳ್ಳಾಗಡ್ಡಿಯೂ ಅದೇ ಹಂಚಿನ ಮೇಲೆ ಹುರಿದದ್ದು, ಗೊತ್ತಿರಲಿ. ಎಲ್ಲರಿಗೂ ಏನಾದರೂ ಒಯ್ಯುವುದಾದರೆ ಶೇಂಗಾ ಹೋಳಿಗೆ, ಶೇಂಗಾ ಚಟ್ನಿ ಬೇಡ. ಶೇಂಗಾ ಅಲರ್ಜಿ ಇರುವ ಮಕ್ಕಳು ಅಲ್ಲಿ ಬಹಳ, ಎಷ್ಟೋ ಶಾಲೆಗಳು ತರಲೇಬೇಡಿ ಎನ್ನುತ್ತವೆ. ಡಬ್ಬಿಯ ಚಟ್ನಿಪುಡಿಗೂ ಇದು ಅನ್ವಯ.

ಹೆಜ್ಜೆ 8: ಕೈಯಲ್ಲಿದ್ದ ವಿದ್ಯೆ ಬಿಡಿಸಬೇಡಿ

ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ, ಮನ್ಸೂರರ ಧಾರವಾಡ, ಪುಣ್ಯಾಶ್ರಮದ ಗದಗ. ಇಲ್ಲಿ ತಬಲಾ, ಹಾರ್ಮೋನಿಯಂ, ಗಾಯನ ಕಲಿಯುತ್ತಿರುವ ಮಕ್ಕಳಿಗೆ ಕಡಿಮೆ ಇಲ್ಲ. ಹೋಗುವಾಗ ಅದನ್ನು ನಿಲ್ಲಿಸಿ ಅಲ್ಲಿ ಟೆನಿಸ್ಸಿಗೆ ಹಾಕುತ್ತಾರೆ. ಹೊಸ ದೇಶದಲ್ಲಿ ಮಗುವಿಗೆ ಎಲ್ಲವೂ ಹೊಸತು. ಒಂದಾದರೂ ಕೆಲಸದಲ್ಲಿ ಅದು ಪಳಗಿದ ಕೈ ಅನ್ನಿಸಿಕೊಳ್ಳಲಿ.

ಇಲ್ಲಿಯ ಗುರುಗಳ ಹತ್ತಿರವೇ ವಿಡಿಯೋ ಪಾಠ ಮುಂದುವರಿಸಬಹುದು. ಧಾರವಾಡದಲ್ಲಿ ಬೆಳಿಗ್ಗೆ 7.30 ಆದಾಗ ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ 12. ಅಕ್ಟೋಬರ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಗ 1 ಗಂಟೆ. ಗುರುಗಳಿಗೆ ಇದನ್ನು ಮೊದಲೇ ಹೇಳಿಡಿ. ಶಾಲೆಯ ಕಾನ್ಸರ್ಟಿಗೆ ಮಗು ತಬಲಾ ಒಯ್ಯಬಹುದಾ ಎಂದು ಕೇಳಿ.

ವಾರಾಂತ್ಯದ ಕನ್ನಡ ಶಾಲೆಗಳೂ ಸಿಡ್ನಿ, ಮೆಲ್ಬರ್ನ್‌ನಲ್ಲಿವೆ, ಚೆನ್ನಾಗಿವೆ. ಆದರೆ ಶನಿವಾರ-ಭಾನುವಾರ ಎರಡೂ ನಮ್ಮವರ ನಡುವೆಯೇ ಕಳೆದರೆ ಓಣಿಯ ಮಕ್ಕಳ ಗೆಳೆತನ ಆಗುವುದಿಲ್ಲ. ಒಂದು ದಿನ ಅತ್ತ, ಒಂದು ದಿನ ಇತ್ತ.

ಹೆಜ್ಜೆ 9: ಊರಿನ ಫೋನು, ಊರಿನ ರಜೆ

ಕಾರ್ನಿವಲ್ ಆದ ವಾರ ಅಜ್ಜನ ವಿಡಿಯೋ ಕಾಲ್ ಬರುತ್ತದೆ. "ಏನೋ ತಮ್ಮಾ, ಓಟದಾಗ ಎಷ್ಟನೇ ನಂಬರ್ ಬಂದಿ?" ಅದರ ಹಿಂದೆಯೇ, "ನಿಮ್ಮ ಕಾಕಾನ ಮಗ ಖೋಖೋದಾಗ ಜಿಲ್ಲಾಕ್ಕ ಹೊಂಟಾನ ನೋಡು." ಅಜ್ಜನ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇಲ್ಲ, ಆದರೆ ಮಗು ಫೋನು ಕೊಟ್ಟು ಒಳಗೆ ಹೋಗುತ್ತದೆ. ಅಜ್ಜನಿಗೆ ಮುಂಚೆಯೇ ಬೇರೆ ಪ್ರಶ್ನೆ ಹೇಳಿಕೊಡಿ. "ಅಜ್ಜಾ, ನಂಬರ್ ಕೇಳಬ್ಯಾಡ್ರಿ, ನಿಮ್ಮ ಹೌಸಿನ ಬಣ್ಣ ಯಾವುದು, ಏನಂತ ಕೂಗಿದ್ರಿ ಅಂತ ಕೇಳ್ರಿ." ಮಗು ಕೂಗಿ ತೋರಿಸುತ್ತದೆ, ಅಜ್ಜನೂ ಕೂಗುತ್ತಾರೆ.

ಅಲ್ಲಿನ ದೊಡ್ಡ ರಜೆ ಡಿಸೆಂಬರ್-ಜನವರಿ. ಆಗ ಊರಿಗೆ ಬಂದರೆ ಇಲ್ಲಿನ ಮಕ್ಕಳಿಗೆ ಶಾಲೆ ನಡೆದಿರುತ್ತದೆ. ಹಗಲೆಲ್ಲ ಮಗು ಮೊಬೈಲ್ ಹಿಡಿದು ಸೋಫಾದ ಮೇಲೆ ಬಿದ್ದಿರುತ್ತದೆ. ಬೆಳಿಗ್ಗೆ ಕೆಲಗೇರಿ ಕೆರೆ ಕಡೆ ನಡೆಸಿಕೊಂಡು ಹೋಗಿ, ವಾರಕ್ಕೆರಡು ಸಲ ಈಜಿಗೆ ಕಳಿಸಿ. ಅಂಗಳದಲ್ಲಿ ಅಣ್ಣತಮ್ಮಂದಿರ ಜೊತೆ ಓಟದ ಪಂದ್ಯ ಹಚ್ಚುವ ಮಾವಂದಿರನ್ನು ಚಹಾ ಕೊಟ್ಟು ಒಳಗೆ ಕೂರಿಸಿ. ಮತ್ತೆ, ಅಲ್ಲಿಂದ ಹೊರಡುವ ಮೊದಲೇ ಫೆಬ್ರವರಿಯ ಈಜು ತರಗತಿಗೆ ಹೆಸರು ಬರೆಸಿ ಬನ್ನಿ. ವಾಪಸ್ ಹೋಗಿ ಕೇಳಿದರೆ ಶನಿವಾರದ ಜಾಗಗಳೆಲ್ಲ ತುಂಬಿರುತ್ತವೆ, ಉಳಿದಿರುವುದು ಮಂಗಳವಾರ ಮಧ್ಯಾಹ್ನದ್ದು. ಅದು ನಿಮ್ಮ ಆಫೀಸಿಗೆ ಹೊಂದುವುದಿಲ್ಲ.